ತಡಿಕೆಯ ಹಿಂದಿನ ಮೌಸ್

ಎರಡು ವರ್ಷದ ಹಿಂದಿನ ಏಪ್ರಿಲ್ ಒಂದನೇ ತಾರೀಕು, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ನಾನು ಬಸವೇಶ್ವರನಗರದ ನಮ್ಮ ಆಫೀಸಿನ ಎರಡನೇ ಮಹಡಿಯಲ್ಲಿ, ಮೀಟಿಂಗ್ ರೂಮಿಗೂ ಕಾಫಿ ಕಾಯಿಸುವ ಸಣ್ಣ ಜಾಗಕ್ಕೂ ನಡುವಿನ ಗಾಜಿನ ತಡಿಕೆಯ ಹಿಂದೆ ನಿಂತಿದ್ದೆ. ಗಾಜಿಗೆ ಬಿಳಿ ಸ್ಟಿಕ್ಕರ್ ಅಂಟಿಸಿತ್ತು. ನನ್ನ ಕಣ್ಣಿನ ಮಟ್ಟದಲ್ಲಿ ಅದನ್ನು ಎರಡು ಬೆರಳಗಲ ಹೆರೆದು ತೆಗೆದಿದ್ದೆವು. ನನ್ನ ಮುಂದೆ ಎದೆಯೆತ್ತರದ ಸಣ್ಣ ಫ್ರಿಜ್ ಇತ್ತು. ಅದರ ತಲೆಯ ಮೇಲೆ ವೈರ್ ಇಲ್ಲದ ಒಂದು ಕೀಬೋರ್ಡ್, ವೈರ್ ಇಲ್ಲದ ಒಂದು ಮೌಸ್. ನನ್ನ ಬಲಗೈ ಮೌಸಿನ ಮೇಲಿತ್ತು.

ಅಲ್ಲಿಂದ ಮೀಟಿಂಗ್ ರೂಮಿನ ಬಾಗಿಲಿಗೆ ಐದು ಹೆಜ್ಜೆ ಎಂದು, ಇದನ್ನು ಬರೆಯಲು ಕೂತಾಗ, ಮೊದಲು ಬರೆದಿದ್ದೆ. ಅನುಮಾನ ಬಂದು, ಮಾರನೆಯ ದಿನ ನಡೆದು ನೋಡಿದೆ. ಏಳು ಹೆಜ್ಜೆ. ಇದನ್ನು ಹೇಳಬೇಕಾದ್ದು ಯಾಕೆಂದರೆ, ಆ ಮಧ್ಯಾಹ್ನ ಆ ಏಳು ಹೆಜ್ಜೆಯನ್ನು ನಾನು ಇಡಲಿಲ್ಲ.

ನಮ್ಮದು ಹನ್ನೊಂದು ಜನರ ಕಂಪನಿ. ಪೀಣ್ಯ, ರಾಜಾಜಿನಗರದ ಕಡೆಯ ಸಣ್ಣ ಫ್ಯಾಕ್ಟರಿಗಳ ಸ್ಟೋರ್ಸ್‌ನಲ್ಲಿ ಯಾವ ಸಾಮಾನು ಎಷ್ಟಿದೆ, ಎಷ್ಟು ಖರ್ಚಾಯಿತು ಎಂದು ಬರೆದಿಡುವ ಸಾಫ್ಟ್‌ವೇರ್ ಮಾಡುತ್ತೇವೆ. ಬೇಸರದ ಕೆಲಸ. ಅದಕ್ಕೇ ಇರಬೇಕು, ನಮ್ಮ ಬಾಸ್‌ಗೆ ಏಪ್ರಿಲ್ ಒಂದರ ಮೇಲೆ ವಿಪರೀತ ಪ್ರೀತಿ. ದೊಡ್ಡ ದೊಡ್ಡ ಕಂಪನಿಗಳು ಆ ದಿನ ಇಲ್ಲದ ಯಂತ್ರಗಳನ್ನು ಇದೆ ಎಂದು ಹೇಳಿ ಜನರನ್ನು ನಗಿಸುವುದನ್ನು ಅವರು ವರ್ಷಾನುಗಟ್ಟಲೆ ನೋಡಿದ್ದರು. ನಾವೂ ಮಾಡಬೇಕು ಎನ್ನುತ್ತಿದ್ದರು. ಒಂದು ವರ್ಷ, ಬಾಯಿಂದ ಬರುವ ಕಾಫಿ ವಾಸನೆ ಹಿಡಿದು ಹಾಜರಿ ಹಾಕುವ ಯಂತ್ರ ಎಂದು ಗ್ರಾಹಕರಿಗೆ ಮೆಸೇಜ್ ಕಳಿಸಿದೆವು. ಇನ್ನೊಂದು ವರ್ಷ, ಮಳೆ ಬಂದರೆ ಲೇಟಾದವರ ಹೆಸರಿನ ಮುಂದೆ ತಾನೇ ‘ಟ್ರಾಫಿಕ್’ ಎಂದು ಬರೆಯುವ ಸಾಫ್ಟ್‌ವೇರ್. ಇಬ್ಬರು ಗ್ರಾಹಕರು ಫೋನ್ ಮಾಡಿ ಅದನ್ನು ನಿಜವಾಗಿಯೂ ಕೇಳಿದರು. ನಾವು ವಾರವಿಡೀ ಅದನ್ನೇ ಹೇಳಿಕೊಂಡು ನಕ್ಕೆವು.

ಆ ವರ್ಷದ್ದು ಕೈಸನ್ನೆಯ ಕಂಪ್ಯೂಟರ್. ಎರಡು ನಿಮಿಷದ ವಿಡಿಯೋ ಮಾಡಿ ಇಂಟರ್ನೆಟ್ಟಿಗೆ ಹಾಕಿ, ಗ್ರಾಹಕರಿಗೆ ಕಳಿಸಿದ್ದೆವು. ನಮ್ಮ ಮುಂದಿನ ಟೇಬಲ್‌ನಲ್ಲಿ ಕೂರುವ ಹುಡುಗಿ, ಬಂದವರನ್ನು ವಿಚಾರಿಸಿ ಒಳಗೆ ಕಳಿಸುವವಳು, ಅದರಲ್ಲಿ ನಟಿಸಿದ್ದಳು. ಮೌಸ್ ಬೇಡ, ಕೀಬೋರ್ಡ್ ಬೇಡ, ಕೈ ಆಡಿಸಿದರೆ ಸಾಕು. ಅಂಕಿ ಬರೆಯಲು ಗಾಳಿಯಲ್ಲಿ ಬರೆಯಬೇಕು. ಉಳಿಸಿಡಲು ಶರ್ಟಿನ ಜೇಬಿಗೆ ಏನೋ ಹಾಕಿಕೊಂಡಂತೆ ಮಾಡಬೇಕು. ಅಳಿಸಲು ಕಾಗೆ ಓಡಿಸಿದಂತೆ. ಹುಡುಕಲು, ದೂರದಿಂದ ಬರುವ ಬಸ್ಸಿನ ಬೋರ್ಡ್ ಓದುವಂತೆ ಹಣೆಗೆ ಕೈ ಹಿಡಿಯಬೇಕು. ಪ್ರಿಂಟ್ ಬೇಕಾದರೆ ಚಪಾತಿ ಲಟ್ಟಿಸಬೇಕು. ಅವಳು ಲಟ್ಟಿಸುವುದನ್ನು ಚಿತ್ರೀಕರಿಸುವಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡಿದ್ದೆವು.

ಆಫೀಸಿಗೆ ಬಂದವರನ್ನೂ ಬೇಸ್ತು ಬೀಳಿಸಲು ತಡಿಕೆಯ ಹಿಂದೆ ನನ್ನನ್ನು ನಿಲ್ಲಿಸಿದರು. ಬಂದವರು ಮೀಟಿಂಗ್ ರೂಮಿನ ಟಿವಿ ಪರದೆಯ ಮುಂದೆ ಕೈ ಆಡಿಸುವುದು, ನಾನು ಸಂದಿಯಲ್ಲಿ ನೋಡಿ ಅದರಂತೆ ಮೌಸ್ ಆಡಿಸುವುದು. ಕೊನೆಗೆ ಬಾಸ್ “ಇವತ್ತು ತಾರೀಕು ಎಷ್ಟು ಸಾರ್?” ಎಂದು ಕೇಳುತ್ತಿದ್ದರು. ಅದೇ ಗುರುತು. ಆ ಹುಡುಗಿ ಮೈಸೂರು ಪಾಕಿನ ಡಬ್ಬಿ ಹಿಡಿದು ಒಳಗೆ ಬರುತ್ತಿದ್ದಳು, ನಾನು ತಡಿಕೆಯ ಹಿಂದಿನಿಂದ ಹೊರಬರುತ್ತಿದ್ದೆ, ಎಲ್ಲರೂ ನಗುತ್ತಿದ್ದರು. ಬೆಳಗಿನಿಂದ ಮೂವರಿಗೆ ಹೀಗೆ ಮಾಡಿದ್ದೆವು. ಮೂವರೂ ನಕ್ಕರು. ಒಬ್ಬರು ನನ್ನ ಬೆನ್ನಿಗೆ ಗುದ್ದಿ “ಎಂಥಾ ಕಳ್ಳ ಗುರು ನೀನು” ಎಂದರು.

ನಾಲ್ಕನೆಯವರು ಗಂಡ ಹೆಂಡತಿ. ಗಂಡನಿಗೆ ನಲವತ್ತೈದರ ಆಸುಪಾಸು, ಬಿಳಿಯ ಶರ್ಟು, ಬಲಗೈ ಪ್ಯಾಂಟಿನ ಜೇಬಿನಲ್ಲಿ. ಆಕೆಯ ಕೊರಳಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಯ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಲಗ್ಗೆರೆಯಿಂದ ಬಂದಿದ್ದರು. ಕುರುಬರಹಳ್ಳಿಯಲ್ಲಿ ಬಸ್ಸಿಳಿದು ಬಿಸಿಲಲ್ಲಿ ನಡೆದುಕೊಂಡು ಬಂದದ್ದರಿಂದ ಇಬ್ಬರ ಮುಖವೂ ಬೆವೆತಿತ್ತು.

“ನಮಸ್ಕಾರ್ರೀ ಸರ. ವಿಡಿಯೋದಾಗ ತೋರಿಸ್ಯಾರಲ್ರಿ, ಅದು ಇಲ್ಲೇ ಏನ್ರಿ?” ಎಂದರು ಅವರು.

“ಇಲ್ಲೇ, ಇಲ್ಲೇ! ಬನ್ನಿ ಅಣ್ಣ, ಕೂತ್ಕೊಳ್ಳಿ. ಯಾವ ಫ್ಯಾಕ್ಟರಿ ನಿಮ್ದು?” ಬಾಸ್ ಹುರುಪಿನಲ್ಲಿದ್ದರು.

“ಪೀಣ್ಯಾದಾಗ ತಗಡು ಒತ್ತೋ ಪ್ರೆಸ್ ಶಾಪ್ ರೀ. ನಮ್ಮ ಸ್ಟೋರ್ಸ್‌ನ್ಯಾಗ ನಿಮ್ಮದ ಸಾಫ್ಟ್‌ವೇರ್ ಐತಿ. ಈ ತಿಂಗಳ ಕಡೀಕ ನಾ ಅದನ್ನ ಕಲೀಬೇಕ್ರಿ. ಕಲತ್ರ ಸ್ಟೋರ್ಸ್‌ಗೆ ಹಾಕ್ತೀನಿ ಅಂದಾರ. ಇಲ್ಲಂದ್ರ ಮನೀಗೆ ಹೋಗು ಅಂದಾರ.”

“ಮೌಸ್ ಹಿಡಿಯಾಕ ಆಗಂಗಿಲ್ರಿ ಇವರಿಗೆ,” ಎಂದರು ಆಕೆ. “ಸೂಪರ್‌ವೈಸರ್ ಮೊಬೈಲ್‌ನ್ಯಾಗ ವಿಡಿಯೋ ನೋಡಿದ್ರಂತ. ನನಗ ಫೋನ್ ಹಚ್ಚಿದ್ರು. ನಾ ಅರ್ಧ ದಿನ ರಜಾ ಹಾಕಿ ಬಂದೆ.”

ಯಾಕೆ ಹಿಡಿಯಲು ಆಗುವುದಿಲ್ಲ ಎಂದು ಬಾಸ್ ಕೇಳಲಿಲ್ಲ. ಬೆಳಗಿನಿಂದ ಮೂರು ಸಲ ಹೇಳಿದ್ದ ಮಾತು ಬಾಯಲ್ಲೇ ಇತ್ತು. “ಇನ್ಮೇಲೆ ಯಾರೂ ಮೌಸ್ ಹಿಡಿಯೋ ಹಾಗೇ ಇಲ್ಲ ಬಿಡಿ ಅಣ್ಣ. ಒಂದು ಐಟಂ ಹೇಳಿ.”

“ವಾಷರ್ ರೀ.”

“ಎಷ್ಟು?”

“ನಲವತ್ತ.”

“ಬರೀರಿ ನೋಡೋಣ, ಗಾಳೀಲಿ.”

ಅವರು ಜೇಬಿನಿಂದ ಬಲಗೈ ತೆಗೆದರು. ಅದರಲ್ಲಿ ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ ಇದ್ದವು. ಎಡಗೈಯಲ್ಲಿ ಐದೂ ಇದ್ದವು, ಆದರೆ ತೋರುಬೆರಳು, ಮಧ್ಯದ ಬೆರಳು ಎರಡೂ ಮಡಿಚದೆ ಕಡ್ಡಿಯಂತೆ ನಿಂತಿದ್ದವು. ಅವರು ಬಲಗೈಯಿಂದ, ನಿಧಾನವಾಗಿ, ಶಾಲೆಯ ಹಲಗೆಯ ಮೇಲೆ ಬರೆದಂತೆ, ಒಂದು ನಾಲ್ಕು, ಒಂದು ಸೊನ್ನೆ ಬರೆದರು.

ನಾನು ನಲವತ್ತು ಎಂದು ಟೈಪ್ ಮಾಡಿದೆ.

ಇಲ್ಲಿ ನಾನು ನಿಲ್ಲಿಸಬಹುದಿತ್ತು. ಕೈ ನೋಡಿದ ಮೇಲೆಯೂ ಯಾಕೆ ಟೈಪ್ ಮಾಡಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಪರದೆ ಸುಮ್ಮನೆ ನಿಂತರೆ ತಮ್ಮ ಕೈಯೇ ಸರಿಯಿಲ್ಲ ಎಂದು ಅವರಿಗೆ ಅನಿಸೀತು ಎಂಬ ಹೆದರಿಕೆ ಆ ಒಂದು ಕ್ಷಣಕ್ಕೆ ಬಂತು. ಇದು ನಿಜ. ಆದರೆ ಇದೊಂದೇ ನಿಜವಲ್ಲ. ಬೆಳಗಿನಿಂದ ಕೈಗೆ ರೂಢಿಯಾಗಿತ್ತು. ಅದೂ ನಿಜ.

“ಅಯ್ಯ, ಬಂತ್ ನೋಡ್ರಿ! ನಲವತ್ತ!” ಆಕೆ ಚಪ್ಪಾಳೆ ತಟ್ಟಿದರು.

ಅವರು ಜೇಬಿಗೆ ಹಾಕಿಕೊಂಡಂತೆ ಮಾಡಿದರು. ನಾನು ಉಳಿಸಿದೆ. ಅವರು ಯಾರೂ ಹೇಳದೆಯೇ ಕಾಗೆ ಓಡಿಸಿದರು. “ಹೋಗಲೇ ಮಗನ!”

“ಯಾರಿಗ್ ಬೈತೀರಿ ಆಫೀಸಿನ್ಯಾಗ?” ಎಂದು ಆಕೆ ಗದರಿದರು.

“ಕಾಗಿಗೆ.”

ನಾನು ಸಾಲು ಅಳಿಸಿದೆ. ಇಬ್ಬರೂ ನಕ್ಕರು. ಮತ್ತೆ ಬರೆದರು, ಮತ್ತೆ ಉಳಿಸಿದರು. ಬೋಲ್ಟು, ನಟ್ಟು, ಶೀಟು. ಹನ್ನೊಂದು ಸಾಲು. ಹನ್ನೊಂದನೆಯದರ ಹೊತ್ತಿಗೆ ಅವರ ತೋಳು ಹಗುರಾಗಿ ಆಡುತ್ತಿತ್ತು, ಬೆನ್ನು ನೆಟ್ಟಗಾಗಿತ್ತು. ಬಾಸ್ ಮಾತ್ರ ನಗುತ್ತಿರಲಿಲ್ಲ. ಅವರು ಒಂದು ಸಲ ಆ ಕೈಯನ್ನೂ ಒಂದು ಸಲ ತಡಿಕೆಯನ್ನೂ ನೋಡುತ್ತಿದ್ದರು. ಸಂದಿಯಲ್ಲಿ ನನ್ನ ಕಣ್ಣು ಅವರಿಗೆ ಕಂಡಿರಲೇಬೇಕು. ಕೊನೆಗೆ ಬೇರೆ ದಾರಿ ತೋಚದೆ, ಮೆಲ್ಲಗೆ, ಆ ಮಾತೇ ಆಡಿದರು.

“ಇವತ್ತು ತಾರೀಕು ಎಷ್ಟು ಅಣ್ಣ?”

“ಒಂದ್ರಿ,” ಎಂದರು ಅವರು. “ಇನ್ನ ಇಪ್ಪತ್ತೊಂಬತ್ ದಿನ ಐತಿ. ಸಾಕಾಗ್ತೈತಿ ಬಿಡ್ರಿ.”

ಬಾಗಿಲು ತೆರೆಯಿತು. ಹುಡುಗಿ ಮೈಸೂರು ಪಾಕಿನ ಡಬ್ಬಿ ಹಿಡಿದು, ಬಾಯಿ ಅರ್ಧ ತೆರೆದು ಬಂದವಳು ಹೊಸ್ತಿಲಲ್ಲೇ ನಿಂತಳು. ಅವಳು ಅವರ ಕೈ ನೋಡಿದಳು. ಬಾಸ್ ಮುಖ ನೋಡಿದಳು. ತೆರೆದ ಬಾಯಿ ಮುಚ್ಚಿದಳು. ಅವರು ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಪರದೆಯ ಮೇಲಿನ ಹನ್ನೊಂದು ಸಾಲನ್ನು ಓದುತ್ತಿದ್ದರು.

ಆಗ ಫ್ರಿಜ್ ಒಮ್ಮೆ ಅಲುಗಿ ಶುರುವಾಯಿತು. ಹಳೆಯ ಫ್ರಿಜ್, ಯಾವಾಗಲೂ ಹಾಗೇ. ನಾನು ಬೆಚ್ಚಿದೆ. ಮೌಸ್ ಜಾರಿತು, ಬೆರಳು ಒತ್ತಿತು. ಪರದೆಯ ಮೇಲೆ ಬಾಣ ಸರ್ರನೆ ಓಡಿ, ಮೇಲಿನ ಒಂದು ಸಾಲು ಅಳಿಸಿಹೋಯಿತು.

ಅವರು ಎದ್ದ ರಭಸಕ್ಕೆ ಕುರ್ಚಿ ಹಿಂದೆ ಬಿತ್ತು. ಎರಡೂ ಕೈ ಕಿವಿಯ ಪಕ್ಕಕ್ಕೆ ಎತ್ತಿ ಗೋಡೆಗೆ ಬೆನ್ನು ಹಚ್ಚಿ ನಿಂತರು.

“ನಾ ಕೈ ಎತ್ತಿಲ್ಲ! ನಾ ಕೈ ಎತ್ತಿಲ್ರಿ! ಬಂದ್ ಮಾಡ್ರಿ! ಮೊದ್ಲ ಸ್ವಿಚ್ ತಗೀರಿ!”

ಬಾಸ್ ಗೋಡೆಯ ಸ್ವಿಚ್ ಆಫ್ ಮಾಡಿದರು. ಪರದೆ ಕಪ್ಪಾಯಿತು. ಅವರು ಕೈ ಇಳಿಸಲು ತುಂಬ ಹೊತ್ತು ಹಿಡಿಯಿತು. ಆಕೆ ಅವರ ಮೊಣಕೈ ಹಿಡಿದು, “ಏನಿಲ್ರಿ, ಟಿವಿ ಅದು, ಟಿವಿ,” ಎನ್ನುತ್ತಿದ್ದರು.

ಆಮೇಲೆ, ನೀರು ಕುಡಿದು, ಅವರು ಬಾಸ್‌ಗೆ ವಿವರಿಸಿದರು. ಅವರ ಪವರ್ ಪ್ರೆಸ್‌ಗೆ ಎರಡು ಗುಂಡಿ. ಎರಡು ಕೈಯಲ್ಲಿ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗೆ ಬೀಳುತ್ತದೆ. ಕೈ ಎರಡೂ ಗುಂಡಿಯ ಮೇಲಿರುವಾಗ ಒಳಗೆ ಸಿಕ್ಕಿಕೊಳ್ಳಲು ಕೈ ಉಳಿಯುವುದಿಲ್ಲ, ಅದಕ್ಕೆ ಆ ಏರ್ಪಾಡು. ಆದರೆ ಕೆಲಸ ಬೇಗ ಆಗಲೆಂದು ಒಂದು ಗುಂಡಿಗೆ ಮರದ ಚಕ್ಕೆ ತುರುಕಿ ಅದನ್ನು ಒತ್ತಿದ ಹಾಗೇ ಇಡುವುದು ಎಲ್ಲ ಕಡೆ ಇದೆ. ಆ ದಿನ ಹಿಂದಿನ ಶಿಫ್ಟಿನವರು ಯಾರೋ ಎಡಗಡೆಯ ಗುಂಡಿಗೆ ಚಕ್ಕೆ ತುರುಕಿ ಹೋಗಿದ್ದರು. ಇವರು ನೋಡಲಿಲ್ಲ. ಸಿಕ್ಕಿಕೊಂಡ ತಗಡು ಬಿಡಿಸಲು ಎರಡೂ ಕೈ ಒಳಗಿಟ್ಟು ಬಗ್ಗಿದಾಗ ಬಲಗಡೆಯ ಗುಂಡಿಗೆ ಹೊಟ್ಟೆ ತಾಗಿತು.

“ಮಷಿನ್ ತಾನ ನಡೀಬಾರದ್ರಿ ಸರ,” ಎಂದರು. “ಕೈ ಹೇಳಿದ್ರ ನಡೀಬೇಕ. ಕೈ ಸುಮ್ಮಿದ್ರ ಸುಮ್ಮಿರಬೇಕ. ನಿಮ್ಮದು ಛಲೋ ಐತಿ, ಆದ್ರ ಈಗ ಯಾರಿಗೂ ಕೊಡಬ್ಯಾಡ್ರಿ. ಪಾಪ, ಯಾರರ ನಂಬಿ ಕೈ ಇಟ್ಟಾರು.”

“ಇನ್ನೂ ಟೆಸ್ಟಿಂಗ್‌ನಲ್ಲಿದೆ ಅಣ್ಣ,” ಎಂದರು ಬಾಸ್. “ಸರಿ ಮಾಡ್ತೀವಿ.”

ಹುಡುಗಿ ಡಬ್ಬಿ ಮುಂದೆ ಹಿಡಿದು “ತಗೊಳಿ ಆಂಟಿ” ಎಂದಳು, ಮನೆಗೆ ಬಂದವರಿಗೆ ಕೊಟ್ಟಂತೆ. ಆಕೆ ಒಂದು ತುಂಡು ತೆಗೆದುಕೊಂಡು, ಅರ್ಧ ಮುರಿದು ಗಂಡನ ಬಾಯಿಗಿಟ್ಟರು.

ನಾನು ತಡಿಕೆಯ ಹಿಂದೆಯೇ ಇದ್ದೆ. ಅವರು ಮೆಟ್ಟಿಲಿಳಿದು ಹೋದ ಸದ್ದು ನಿಂತ ಮೇಲೆ ಹೊರಗೆ ಬಂದೆ.

“ಯಾಕಯ್ಯಾ ಒತ್ತಿದೆ?” ಎಂದರು ಬಾಸ್.

“ಫ್ರಿಜ್ ಅಲುಗಾಡ್ತು ಸಾರ್.”

ಅವರು ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದರು. “ಹೇಳ್ಬಿಡೋಣ ಅಂತಿದ್ದೆ ಕಣಯ್ಯಾ. ಇಪ್ಪತ್ತೊಂಬತ್ತು ದಿನ ಇದೆ ಅಂದ್ಬಿಟ್ರಲ್ಲ.” ಸಂಜೆಯೊಳಗೆ ಆ ವಿಡಿಯೋವನ್ನು ಇಂಟರ್ನೆಟ್ಟಿನಿಂದ ಅಳಿಸಿಹಾಕಿಸಿದರು. ಆ ದಿನದ ಬಗ್ಗೆ ಅವರು ನನ್ನ ಹತ್ತಿರ ಆಡಿದ್ದು ಅಷ್ಟೇ. ಕೆಟ್ಟವರಲ್ಲ ಅವರು. ಬೇಸರದ ಕೆಲಸದಲ್ಲಿ ನಾವು ವರ್ಷಕ್ಕೊಂದು ದಿನ ನಗಲಿ ಎಂದುಕೊಂಡಿದ್ದರು.

ಮಾರನೆಯ ದಿನದಿಂದ ನಾನು ಆಫೀಸಿಗೆ ಎರಡು ಗಂಟೆ ಮೊದಲು ಹೋಗತೊಡಗಿದೆ. ನಾವು ತಮಾಷೆಗೆ ಹೇಳಿದ ಯಂತ್ರ ಇರಲಾರದ ಯಂತ್ರವೇನಲ್ಲ. ಕೈ ಎಲ್ಲಿದೆ ಎಂದು ಲ್ಯಾಪ್‌ಟಾಪಿನ ಕ್ಯಾಮೆರಾದಿಂದಲೇ ಕಂಡುಹಿಡಿಯುವ ಪ್ರೋಗ್ರಾಮುಗಳು ಯಾರು ಬೇಕಾದರೂ ಎತ್ತಿಕೊಳ್ಳುವಂತೆ ಸಿಗುತ್ತವೆ. ಅದನ್ನು ನಮ್ಮ ಸಾಫ್ಟ್‌ವೇರಿಗೆ ಜೋಡಿಸಿದೆ. ಪಕ್ಕದ ಸೀಟಿನವನು ಬಂದು ನೋಡಿ, “ಕೈ ನೋಯುತ್ತೆ ಮಗಾ, ಹತ್ತು ನಿಮಿಷ ಎತ್ತಿ ಹಿಡ್ಕೊಂಡ್ರೆ. ಯಾರಿಗೆ ಬೇಕು ಇದು?” ಎಂದ. ಅವನು ಹೇಳಿದ್ದು ಸರಿ. ಹತ್ತು ಬೆರಳಿರುವವನಿಗೆ ಇದು ಬೇಡ. ಕಿಟಕಿಯ ಬಿಸಿಲು ಬದಲಾದರೆ ತಪ್ಪುತ್ತದೆ, ಹಿಂದೆ ಯಾರಾದರೂ ನಡೆದರೆ ಅವರ ಕೈ ಹಿಡಿಯುತ್ತದೆ. ಆದರೆ ಮಣಿಕಟ್ಟು ಮತ್ತು ಮೊಣಕೈ ಮಾತ್ರ ಹೇಳಿದ ಮಾತು ಕೇಳುವ ಒಬ್ಬ ಮನುಷ್ಯನಿಗೆ ಇದು ಒಂದು ಕೆಲಸವನ್ನು ಉಳಿಸಿಕೊಡಬಹುದು. ಹದಿನೈದು ವರ್ಷ ಸಾಫ್ಟ್‌ವೇರ್ ಬರೆದಿದ್ದರೂ, ಇಂಥ ಒಬ್ಬರಿಗೆ ಬೇಕು ಎಂದು ಗೊತ್ತಿದ್ದು ನಾನು ಬರೆದದ್ದು ಅದೇ ಮೊದಲು.

ಅವರ ಫೋನ್ ನಂಬರ್ ಬಾಗಿಲ ಬಳಿಯ ಪುಸ್ತಕದಲ್ಲಿತ್ತು, ಆಕೆಯ ಅಕ್ಷರದಲ್ಲಿ. ತಿಂಗಳು ಮುಗಿಯಲು ಒಂಬತ್ತು ದಿನ ಇರುವಾಗ, ಒಂದು ಭಾನುವಾರ ಬೆಳಿಗ್ಗೆ, ಲ್ಯಾಪ್‌ಟಾಪ್ ಹಿಡಿದು ಲಗ್ಗೆರೆಗೆ ಹೋದೆ. ಕಬ್ಬಿಣದ ಮೆಟ್ಟಿಲು ಹತ್ತಿ ಹೋಗುವ ಮೊದಲನೇ ಮಹಡಿಯ ಒಂದೇ ಕೋಣೆ. ಕಂಪನಿಯಿಂದ ಬಂದವನು ಎಂದು ಆಕೆ ಹೊಸ ಬೆಡ್‌ಶೀಟ್ ಹಾಸಿದ್ದರು. ಚಹಾ ಕೊಟ್ಟರು. ಕೆಳಗೆ ಯಾರದೋ ಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು.

“ಸರಿ ಮಾಡಿದ್ರ್ಯಾ?” ಎಂದರು ಅವರು.

“ಮಾಡಿದೀನಿ ಅಣ್ಣ. ನೋಡಿ.”

ಕ್ಯಾಮೆರಾ ಹಾಕಿದೆ. ಅವರು ಬಲಗೈ ಎತ್ತಿ ಹಿಡಿದರು.

ನಾನು ಮಾಡಿದ ತಪ್ಪು ಆಗ ಗೊತ್ತಾಯಿತು. ಆ ಪ್ರೋಗ್ರಾಮು ಕೈಯ ಮೇಲೆ, ಗೆಣ್ಣು ಗೆಣ್ಣಿಗೂ ಒಂದು ಚುಕ್ಕೆ ಇಟ್ಟು ಗೆರೆ ಎಳೆಯುತ್ತದೆ. ಎಲ್ಲ ಕೈಗೂ ಐದು ಬೆರಳು ಎಂದು ಅದಕ್ಕೆ ಕಲಿಸಲಾಗಿದೆ. ನಾನು ಅಷ್ಟು ದಿನವೂ ಅದನ್ನು ನನ್ನ ಕೈಯ ಮೇಲೆಯೇ ಪರೀಕ್ಷಿಸಿದ್ದೆ. ಪರದೆಯ ಮೇಲೆ, ಅವರ ಅಂಗೈಯಿಂದ ಮೇಲಕ್ಕೆ, ಏನೂ ಇಲ್ಲದ ಗಾಳಿಯಲ್ಲಿ, ಮೂರು ಹಸಿರು ಗೆರೆ ನಿಂತಿದ್ದವು. ತೋರುಬೆರಳು, ಮಧ್ಯದ ಬೆರಳು, ಉಂಗುರದ ಬೆರಳು. ಅವರು ಕೈ ಓರೆ ಮಾಡಿದರು. ಅವೂ ಓರೆಯಾದವು.

ಆಕೆ ಸ್ಟೌ ಬಿಟ್ಟು ಬಂದು ಹಿಂದೆ ನಿಂತರು.

“ಅವು ಅಲ್ಲಿದ್ವು ಅಂತ ಇದಕ್ಕ ಯಾರ್ ಹೇಳಿದ್ರು?” ಎಂದರು ಅವರು.

ಅಷ್ಟರಲ್ಲಿ ಇಲ್ಲದ ಬೆರಳುಗಳು ನಡುಗಿದವು. ಅದೂ ನನಗೆ ಮೊದಲೇ ಗೊತ್ತಾಗಬೇಕಿತ್ತು, ಇಲ್ಲದ್ದನ್ನು ಊಹಿಸುವಾಗ ಅದು ತಡವರಿಸುತ್ತದೆ. ಗೆರೆ ನಡುಗಿದ ಹಾಗೆ ಬಾಣ ಓಡಿತು. ಅವರ ಕೈ ಅಲ್ಲಾಡಿರಲಿಲ್ಲ. ಎರಡೂ ಕೈ ಮತ್ತೆ ಕಿವಿಯ ಪಕ್ಕಕ್ಕೆ ಹೋದವು.

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಮುಚ್ಚಿದ ಮೇಲೆ ಹೇಳಿದೆ. ಇವತ್ತಿನದು ಯಂತ್ರದ ತಪ್ಪು, ಅವತ್ತಿನದು ಯಂತ್ರದ ತಪ್ಪಲ್ಲ. ಅವತ್ತು ಯಂತ್ರವೇ ಇರಲಿಲ್ಲ. ತಡಿಕೆಯ ಹಿಂದೆ ನಾನಿದ್ದೆ. ಹನ್ನೊಂದು ಸಾಲನ್ನೂ ನಾನೇ ಬರೆದೆ. ಏಪ್ರಿಲ್ ಒಂದಕ್ಕೆ ಹಾಗೆ ಮಾಡುವುದು ನಮ್ಮಲ್ಲಿ ಪದ್ಧತಿ.

“ಯಾಕ?” ಎಂದರು ಆಕೆ.

“ನಗೋದಕ್ಕೆ.”

“ನಕ್ರ್ಯಾ?”

“ಇಲ್ಲ ಅಮ್ಮ.”

ಆಕೆ ಸ್ಟೌ ಹತ್ತಿರ ಹೋಗಿ ಬೆನ್ನು ಹಾಕಿ ನಿಂತರು. ಅವರು ಮಾತ್ರ ನನ್ನನ್ನೇ ನೋಡುತ್ತಿದ್ದರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ದರೆ ಒಳ್ಳೆಯದು ಎಂದೂ ಅನಿಸಿತ್ತು.

“ಗುಂಡಿಗೆ ಚಕ್ಕಿ ತುರುಕಿದಾಂವ ಇನ್ನೂ ಬಂದು ಹೇಳಿಲ್ರಿ,” ಎಂದರು. “ಎರಡ ವರ್ಷ ಆತು. ದಿನಾ ಎದುರಿಗೆ ಬರ್ತಿರತಾನ, ಯಾರು ಅಂತ ನನಗ ಗೊತ್ತಿಲ್ಲ. ನೀವರ ಬಂದು ಹೇಳಿದ್ರಿ.”

“ಇನ್ನೂ ಒಂಬತ್ತು ದಿನ ಇದೆ ಅಣ್ಣ. ಇದನ್ನ ಸರಿ ಮಾಡ್ತೀನಿ. ದಿನಾ ಬರ್ತೀನಿ, ಕಲಿಸ್ತೀನಿ.”

“ಬ್ಯಾಡ್ರಿ. ನಿಮ್ಮ ಮಾತು ನಾ ನಂಬ್ತೀನಿ.” ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದರು. “ಇದು ನಂಬಂಗಿಲ್ಲ.”

ಆದರೂ ನಾನು ಫ್ಯಾಕ್ಟರಿಗೆ ಹೋಗಿ ಮ್ಯಾನೇಜರನ್ನು ಕಂಡೆ. ಇನ್ನೆರಡು ತಿಂಗಳು ಸಮಯ ಕೊಡಿ ಎಂದೆ. “ಸಾರ್, ಸಾಫ್ಟ್‌ವೇರ್ ನೀವು ನೋಡ್ಕೊಳ್ಳಿ. ಆಳುಗಳನ್ನ ನಾವು ನೋಡ್ಕೋತೀವಿ,” ಎಂದರು, ನಗುತ್ತಲೇ, ಕಾಫಿ ಕೊಟ್ಟು. ತಿಂಗಳು ಮುಗಿಯಿತು. ಸ್ಟೋರ್ಸ್‌ಗೆ ಬೇರೆಯವರು ಬಂದರು. ನಮ್ಮ ಸಾಫ್ಟ್‌ವೇರ್ ಅಲ್ಲಿ ಈಗಲೂ ಚೆನ್ನಾಗಿ ನಡೆಯುತ್ತಿದೆ.

ಆ ವರ್ಷವೇ, ದಸರಾ ಕಳೆದ ಮೇಲೆ, ಕೆಂಗೇರಿ ಉಪನಗರದ ಒಬ್ಬ ಗ್ರಾಹಕರನ್ನು ಕಂಡು ವಾಪಸ್ ಬರುವಾಗ ಒಂದು ಗೋಡೌನಿನ ಗೇಟಿನಲ್ಲಿ ಅವರನ್ನು ಕಂಡೆ. ನೀಲಿ ಅಂಗಿ, ಕೊರಳಲ್ಲಿ ಸೀಟಿ. ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಅವರು ಬಲಗೈ ಎತ್ತಿ “ಬರ್ಲಿ, ಬರ್ಲಿ” ಎಂದು ಕರೆಯುತ್ತಿದ್ದರು. ಡ್ರೈವರ್ ಕನ್ನಡಿಯಲ್ಲಿ ಆ ಕೈಯನ್ನೇ ನೋಡುತ್ತಿದ್ದ. ಅಂಗೈ ತೋರಿಸಿದರು. ಲಾರಿ ಗೋಡೆಗೆ ಒಂದು ಗೇಣು ಇರುವಾಗ ನಿಂತಿತು. ಅವರು ಕೈ ಇಳಿಸಿ, ಲಾರಿ ಮತ್ತೆ ಅಲುಗುತ್ತದೆಯೇ ಎಂದು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತರು. ನಾನು ರಸ್ತೆಯ ಈಚೆ ಬದಿಯಲ್ಲಿ, ಬಸ್ ನಿಲ್ದಾಣದ ಕಂಬದ ಪಕ್ಕದಲ್ಲಿದ್ದೆ. ಕರೆಯಲಿಲ್ಲ. ಬಸ್ ಬಂತು, ಹತ್ತಿದೆ.

ಆ ಏಪ್ರಿಲ್ ಒಂದರ ಮಧ್ಯಾಹ್ನ ಆ ಕೋಣೆಯಲ್ಲಿ ನಡೆದದ್ದನ್ನು ನೋಡಿದವರು ಐದು ಜನ. ನಮ್ಮ ಬಾಸ್ ಕಳೆದ ವರ್ಷ ಹೃದಯಾಘಾತದಿಂದ ತೀರಿಕೊಂಡರು. ಮೈಸೂರು ಪಾಕಿನ ಡಬ್ಬಿ ಹಿಡಿದು ಹೊಸ್ತಿಲಲ್ಲಿ ನಿಂತ ಹುಡುಗಿ ಮದುವೆಯಾಗಿ ವಿಜಯನಗರದಲ್ಲಿದ್ದಾಳೆ, ಇದನ್ನು ಬರೆಯುವ ಮೊದಲು ಫೋನ್ ಮಾಡಿ ಕೇಳಿದೆ, ಅವಳಿಗೂ ಇಪ್ಪತ್ತೊಂಬತ್ತು ದಿನ ಎಂದ ಮಾತು ನೆನಪಿದೆ. ಚಪ್ಪಾಳೆ ತಟ್ಟಿದ ಆಕೆ ಲಗ್ಗೆರೆಯಿಂದ ಅದೇ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಆಕೆಯ ಗಂಡ ಕೆಂಗೇರಿಯ ಆ ಗೇಟಿನಲ್ಲಿದ್ದಾರೆ. ಐದನೆಯವನು ನಾನು.